ಸಂದರ್ಭದೊಡನೆ ವಿವರಿಸಿರಿ

ನಮ್ಮ ಶಾಲೆಯ ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಚಿಕೆಯ ಸಮಿತಿಯವರು ಕೇಳಿಕೊಂಡಾಗ, ವಾಡಿಕೆಯಂತೆ ಶಾಲೆಯ ಅಭಿವೃದ್ಧಿಯನ್ನು ಕುರಿತು ನಾಲ್ಕು ಮಾತು ಬರೆಯೋಣವೆಂದು ನಾವು ಮೊದಲು ಎಣಿಸಿದ್ದೆವು. ಆದರೆ ಹೋದ ತಿಂಗಳು ಹಳೇ ವಿದ್ಯಾರ್ಥಿನಿಯರ ಕೂಟಕ್ಕೆ ಬಂದಿದ್ದ ಸಹೋದರಿಯರಲ್ಲಿ ಮೂವರು ನಮ್ಮ ಕೋಣೆಯಲ್ಲಿ ಕುಳಿತು ಗೋಡೆಯ ಕಡೆಗೆ ನೋಡಿ, "ಇಲ್ಲಿದ್ದ ವಚನದ ಹಲಗೆ ಎಲ್ಲಿ ಹೋಯಿತು?" ಎಂದು ಒಬ್ಬರಾದ ಮೇಲೊಬ್ಬರು ಕೇಳಿದರು. ಗೋಡೆಗೆ ಸುಣ್ಣ ಬಳಿಸುವಾಗ ತೆಗೆಯಿಸಿದೆವೆಂದು ಹೇಳಿ ನಾವು ಆ ಮಾತನ್ನು ಅಲ್ಲಿಗೇ ಬಿಟ್ಟೆವು. ಸುಣ್ಣ ಬಳಿಸಿದ್ದು ನಿಜ. ಹಲಗೆಯು ಪುನಃ ಗೋಡೆಗೆ ಏರದಿರುವದಕ್ಕೆ ಕಾರಣ ಸುಣ್ಣವಲ್ಲ. ಪ್ರೀತಿಯಿಂದ ಕೊಟ್ಟವರಿಗೆ ನಿಜವಾದ ಉತ್ತರವನ್ನು ಕೊಡುವದು ನಮ್ಮ ಮೇಲಿನ ಋಣವೆಂದು ತಿಳಿದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಆ ಹಲಗೆಯನ್ನು ಕಾಣದವರಿಗೋಸ್ಕರ ಎರಡು ಮಾತು. ಅದು ಸುಮಾರು ಮೂರು ಅಡಿ ಉದ್ದದ ತೇಗದ ಹಲಗೆ. ನೀಲಿ ಬಣ್ಣದ ಮೇಲೆ ಬಿಳಿಯ ಅಕ್ಷರಗಳು. ಮೊದಲು ಅಲ್ಪವಾಗಿದ್ದದ್ದು ಕಡೆಯಲ್ಲಿ ಬಹಳವಾಗಿ ಹೆಚ್ಚುವದೆಂಬ ಅರ್ಥದ ವಚನ. ಅದರ ಕೆಳಗೆ ಯೋಬ 8:7 ಎಂಬ ಗುರುತು. ಶಾಲೆಯನ್ನು ಬಿಟ್ಟು ಹೋಗುವಾಗ ಒಂದು ವರ್ಷದ ಹುಡುಗಿಯರು ಕೂಡಿ ಹಣ ಹಾಕಿ ಕೊಟ್ಟ ಕಾಣಿಕೆ ಅದು. ಇದೇ ವಚನವನ್ನು ನಮ್ಮ ಸಭೆಯವರ ಮನೆಗಳಲ್ಲಿಯೂ ಗೋಡೆಯ ಪಂಚಾಂಗಗಳಲ್ಲಿಯೂ ಹೊಸ ಅಂಗಡಿಯ ಆಮಂತ್ರಣ ಪತ್ರಿಕೆಗಳಲ್ಲಿಯೂ ಅನೇಕರು ಕಂಡಿರುವರು. ಸಣ್ಣದಾಗಿ ಆರಂಭವಾದ ಶಾಲೆಗೆ ಇದಕ್ಕಿಂತ ಒಪ್ಪುವ ವಚನ ಬೇರೊಂದಿಲ್ಲವೆಂದೇ ನಾವೂ ನಂಬಿದ್ದೆವು.

ನಾವು ಚಿಕ್ಕಂದಿನಿಂದಲೂ ಮಿಶನ್ ಬೋರ್ಡಿಂಗಿನಲ್ಲಿ ಬೆಳೆದವರು. ಆದಿತ್ಯವಾರದ ಶಾಲೆಯಲ್ಲಿ ಕಂಠಪಾಠದ ವಚನಗಳನ್ನು ತಪ್ಪಿಲ್ಲದೆ ಒಪ್ಪಿಸಿ ಬಹುಮಾನಗಳನ್ನು ಪಡೆದವರು. ಉಪಾಧ್ಯಾಯಿನಿಯಾಗಿ ತರಬೇತಿ ಹೊಂದಿ ಕೆಲಸಕ್ಕೆ ಸೇರಿದಂದಿನಿಂದ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೆಳಗಿನ ಪ್ರಾರ್ಥನೆಯಲ್ಲಿ ಸತ್ಯವೇದವನ್ನು ಓದುತ್ತಾ ಬಂದವರು. ಆದರೂ ಆ ಗ್ರಂಥವನ್ನು ಮೊದಲಿನಿಂದ ಕಡೆಯ ವರೆಗೆ ಒಮ್ಮೆಯಾದರೂ ಓದಿದವರಲ್ಲ. ಮಾವಿನ ತೋಪಿಗೆ ಹೋದವರು ಕೈಗೆ ಎಟಕುವ ಹಣ್ಣನ್ನು ಮಾತ್ರ ಕಿತ್ತುಕೊಂಡು ಬರುವಂತೆ, ನಾವು ಕೀರ್ತನೆಗಳಲ್ಲಿ ಹತ್ತು, ಯೆಶಾಯನಲ್ಲಿ ಐದು, ಸುವಾರ್ತೆಗಳಲ್ಲಿ ಸಾಮ್ಯಗಳು, ಪೌಲನ ಪತ್ರಿಕೆಗಳಲ್ಲಿ ಪ್ರೀತಿಯ ಅಧ್ಯಾಯ, ಇಷ್ಟನ್ನು ಆರಿಸಿಕೊಂಡು ವರ್ಷ ವರ್ಷವೂ ಅವನ್ನೇ ಓದುತ್ತಿದ್ದೆವು. ಯಾರಾದರೂ ಕೇಳಿದ್ದರೆ ಸತ್ಯವೇದವನ್ನು ಬಲ್ಲೆವೆಂದು ಸಂಕೋಚವಿಲ್ಲದೆ ಹೇಳುತ್ತಿದ್ದೆವು.

ಹೋದ ವರ್ಷಕ್ಕೆ ಮುಂಚಿನ ನವಂಬರ್ ತಿಂಗಳಲ್ಲಿ ನಮ್ಮ ಬೋರ್ಡಿಂಗಿನ ಎಂಟನೆಯ ತರಗತಿಯ ಹುಡುಗಿಯೊಬ್ಬಳ ತಮ್ಮನು ಜ್ವರದಿಂದ ತೀರಿಕೊಂಡನು. ಹದಿನೈದು ದಿವಸಗಳ ಮೇಲೆ ಅವಳು ಊರಿನಿಂದ ತಿರುಗಿ ಬಂದಳು. ಸಾಯಂಕಾಲದ ಪ್ರಾರ್ಥನೆಯಲ್ಲಿ ಎಲ್ಲರೂ ಹಾಡುವಾಗ ಅವಳು ಬಾಯಿ ತೆರೆಯಲಿಲ್ಲ; ಮೂರನೆಯ ದಿವಸ ಹಾಡಿನ ಮಧ್ಯದಲ್ಲಿಯೇ ಎದ್ದು ಹೊರಗೆ ಹೋದಳು. ಮೇಟ್ರನ್ ಅವರು ದೂರು ತಂದರು. ನಾವು ಅವಳನ್ನು ಕೋಣೆಗೆ ಕರೆಯಿಸಿ ಮೇಜಿನ ಎದುರಿಗೆ ನಿಲ್ಲಿಸಿಕೊಂಡು, ದೇವರ ಚಿತ್ತವನ್ನು ಪ್ರಶ್ನೆ ಮಾಡಬಾರದೆಂದೂ, ದುಃಖದ ಮೇಲೆ ಸಂತೋಷವು ಬಂದೇ ಬರುವದೆಂದೂ ಹೇಳಿ, ಗೋಡೆಯ ಮೇಲಿನ ಹಲಗೆಯನ್ನು ತೋರಿಸಿ ಅದನ್ನು ಗಟ್ಟಿಯಾಗಿ ಓದೆಂದೆವು. ಅವಳು ಓದಿದಳು. ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದು, ತಗ್ಗಿದ ಧ್ವನಿಯಿಂದ, "ಮಿಸ್, ಈ ವಚನವನ್ನು ನಮ್ಮ ಅಮ್ಮನಿಗೂ ಹೇಳಲೇ?" ಎಂದು ಕೇಳಿದಳು. ಅವಶ್ಯವಾಗಿ ಹೇಳೆಂದೆವು. ಮಗುವಿಗೆ ಸಮಾಧಾನವಾಯಿತೆಂದು ತಿಳಿದು ಆ ದಿವಸ ನಾವು ತೃಪ್ತಿಯಿಂದ ಊಟಕ್ಕೆ ಹೋದೆವು. ಅಂದಿನಿಂದ ಅವಳು ಪ್ರಾರ್ಥನೆಯಿಂದ ಎದ್ದು ಹೋಗಲಿಲ್ಲ. ಹಾಡಲೂ ಇಲ್ಲ. ನಮ್ಮ ಕಡೆಗೆ ಕಣ್ಣೆತ್ತಿ ನೋಡಲೂ ಇಲ್ಲ. ಶಿಸ್ತು ನೆಲೆಗೊಂಡಿತೆಂದು ನಾವು ಎಣಿಸಿದೆವು.

ಸತ್ಯವೇದವನ್ನು ಪೂರ್ತಿಯಾಗಿ ಓದಬೇಕೆಂದು ನಾವು ನಿಶ್ಚಯಿಸಿದ್ದು ಆ ಹುಡುಗಿಯ ನಿಮಿತ್ತವಾಗಿ ಎಂದು ಬರೆದರೆ ಅದು ಸುಳ್ಳಾಗುವದು. ಆ ಕ್ರಿಸ್‌ಮಸ್ ರಜೆಯಲ್ಲಿ ನಮ್ಮ ಹಿರಿಯರ ಮನೆಯನ್ನು ಬರಿದುಮಾಡುವಾಗ ಅಜ್ಜಿಯ ಸತ್ಯವೇದವು ನಮ್ಮ ಪಾಲಿಗೆ ಬಂತು. ಅಜ್ಜಿಯವರು ಬೈಬಲ್ ಸ್ತ್ರೀಯಾಗಿ ಕೇರಿಕೇರಿಗಳಲ್ಲಿ ಕೆಲಸ ಮಾಡಿದವರು. ಅವರು ಕಲಿತದ್ದು ನಾಲ್ಕನೆಯ ತರಗತಿಯ ವರೆಗೆ. ರಾತ್ರಿಯ ದೀಪದ ಮುಂದೆ ಬೆರಳಿಟ್ಟು ಒಂದೊಂದೇ ಅಕ್ಷರವನ್ನು ಕೂಡಿಸಿ ಗಟ್ಟಿಯಾಗಿ ಓದುತ್ತಿದ್ದರು. ವಂಶಾವಳಿಗಳ ಹೆಸರುಗಳನ್ನು ಸಹ ಬಿಡುತ್ತಿರಲಿಲ್ಲ. ಬೇಸತ್ತು, ಆ ಹೆಸರುಗಳನ್ನು ಬಿಟ್ಟು ಕಥೆಯನ್ನು ಓದಿರೆಂದು ಹಟ ಹಿಡಿದ ನಮಗೆ ಅವರು, "ಹೆಸರು ಬಿಟ್ಟರೆ ಆ ಮನೆಯವರು ನೊಂದುಕೊಳ್ಳುವದಿಲ್ಲವೇ, ಮಗಾ?" ಎಂದು ಉತ್ತರ ಕೊಡುತ್ತಿದ್ದರು. ಆ ಪುಸ್ತಕದ ಕಡೆಯ ಹಾಳೆಯಲ್ಲಿ ಅವರು ಅದನ್ನು ಓದಿ ಮುಗಿಸಿದ ತಾರೀಖುಗಳು ಸೀಸದ ಕಡ್ಡಿಯಿಂದ ಬರೆಯಲ್ಪಟ್ಟಿದ್ದವು. ಎಣಿಸಿದೆವು; ಹದಿನೇಳು ಇದ್ದವು. ತರಬೇತಿ ಹೊಂದಿದ ಮೊಮ್ಮಗಳ ಲೆಕ್ಕವು ಸೊನ್ನೆಯಾಗಿತ್ತು. ನಾಚಿಕೆಯೇ ನಮ್ಮನ್ನು ಓದಿಗೆ ಹಚ್ಚಿತು.

ಉಪಾಧ್ಯಾಯಿನಿಯಾದವಳು ಪಾಠಟಿಪ್ಪಣಿಯಿಲ್ಲದೆ ಯಾವ ಕೆಲಸವನ್ನೂ ಆರಂಭಿಸಲಾರಳು. ಸತ್ಯವೇದದಲ್ಲಿ 66 ಪುಸ್ತಕಗಳು. ಹಳೇ ಒಡಂಬಡಿಕೆಯಲ್ಲಿ 929 ಅಧ್ಯಾಯಗಳು, ಹೊಸ ಒಡಂಬಡಿಕೆಯಲ್ಲಿ 260, ಒಟ್ಟು 1189. ವಾರದ ದಿವಸಗಳಲ್ಲಿ ಮೂರು ಮೂರರಂತೆಯೂ ಆದಿತ್ಯವಾರದಲ್ಲಿ ಐದರಂತೆಯೂ ಓದಿದರೆ ವಾರಕ್ಕೆ 23 ಅಧ್ಯಾಯಗಳಾಗಿ, 52 ವಾರಗಳೊಳಗೆ ಗ್ರಂಥವು ಮುಗಿಯುವದು. ಸ್ಕಾಟ್ಲೆಂಡಿನ ಡಂಡೀ ಪಟ್ಟಣದ ಬೋಧಕರಾದ ರಾಬರ್ಟ್ ಮರ್ರೆ ಮೆಕ್‌ಷೇನ್ ಎಂಬವರು ತಮ್ಮ ಸಭೆಯವರಿಗಾಗಿ 1842ರಲ್ಲಿ ಇಂಥದೊಂದು ಓದಿನ ಪಟ್ಟಿಯನ್ನು ಸಿದ್ಧಪಡಿಸಿದ್ದರು. ಅದರಲ್ಲಿ ದಿವಸಕ್ಕೆ ನಾಲ್ಕು ಕಡೆಗಳಿಂದ ಓದಬೇಕಾಗುವದು. ನಮಗೆ ಅಜ್ಜಿಯವರ ಕ್ರಮವೇ ಸಾಕೆನಿಸಿತು: ಮೊದಲಿನ ಪುಟದಿಂದ ಕಡೆಯ ಪುಟದ ವರೆಗೆ, ಒಂದನ್ನೂ ಬಿಡದೆ. ಹೋದ ವರ್ಷದ ಜನವರಿ 1ನೆಯ ತಾರೀಖಿನಲ್ಲಿ ಬೆಳಿಗ್ಗೆ ಐದು ಗಂಟೆಗೆ ಆರಂಭಿಸಿದೆವು.

ಆದಿಕಾಂಡವು ಕಥೆಯ ಓಟದಲ್ಲಿ ಸಾಗಿತು. ವಿಮೋಚನಕಾಂಡದ ಅರ್ಧದ ವರೆಗೂ ಕಷ್ಟವಿರಲಿಲ್ಲ. ಗುಡಾರದ ಅಳತೆಗಳೂ ಯಾಜಕಕಾಂಡದ ಯಜ್ಞವಿಧಿಗಳೂ ಬಂದಾಗ ನಿದ್ದೆಯೂ ಅವುಗಳ ಸಂಗಡ ಬಂತು. ಆರಿಸಿ ಓದುವವಳಾಗಿದ್ದರೆ ಅಲ್ಲಿಗೇ ಪುಸ್ತಕವನ್ನು ಮುಚ್ಚುತ್ತಿದ್ದೆವು. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಎಂಬವರನ್ನು ಆಗ ನೆನೆದೆವು. ಅವರು 1810ರಲ್ಲಿ ಬಳ್ಳಾರಿಗೆ ಬಂದು ನಮ್ಮ ಭಾಷೆಯನ್ನು ಕಲಿತು, ಸತ್ಯವೇದವನ್ನು ಕನ್ನಡಿಸುವ ಕೆಲಸಕ್ಕೆ ತೊಡಗಿದರು. 1831ರಲ್ಲಿ ಕನ್ನಡದ ಪೂರ್ಣ ಸತ್ಯವೇದವು ಅಚ್ಚಾಗಿ ಮುಗಿಯಿತು. ಓದುವವಳು ಬೇಸರವೆಂದು ಪುಟ ಮಗುಚಬಹುದು. ಭಾಷಾಂತರ ಮಾಡುವವನಿಗೆ ಆ ಸ್ವಾತಂತ್ರ್ಯವಿಲ್ಲ. ಕುಷ್ಠದ ಲಕ್ಷಣಗಳಿಗೂ ಗುಡಾರದ ಗೂಟಗಳಿಗೂ ಅವನು ಕನ್ನಡದ ಮಾತನ್ನು ಹುಡುಕಲೇಬೇಕು. ಅವರು ವರ್ಷಗಟ್ಟಲೆ ಹುಡುಕಿದ್ದನ್ನು ನಾವು ಒಂದು ಬೆಳಗಿನ ಹೊತ್ತು ಓದಲಾರೆವೇ ಎಂದುಕೊಂಡು ಮುಂದರಿಸಿದೆವು.

ಫೆಬ್ರವರಿಯ ನಡುವೆ ಅರಣ್ಯಕಾಂಡದ 27ನೆಯ ಅಧ್ಯಾಯವು ಬಂತು. ಚಲ್ಪಹಾದನೆಂಬವನು ಗಂಡು ಮಕ್ಕಳಿಲ್ಲದೆ ಅಡವಿಯಲ್ಲಿ ಸತ್ತನು. ಅವನ ಐವರು ಹೆಣ್ಣು ಮಕ್ಕಳು, ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಎಂಬವರು, ಮೋಶೆಯ ಮುಂದೆಯೂ ಯಾಜಕನ ಮುಂದೆಯೂ ಸಮಸ್ತ ಸಮೂಹದ ಮುಂದೆಯೂ ನಿಂತು, ಗಂಡು ಮಗನಿಲ್ಲವೆಂಬ ಕಾರಣಕ್ಕೆ ನಮ್ಮ ತಂದೆಯ ಹೆಸರು ಯಾಕೆ ಅಳಿಯಬೇಕು, ನಮಗೂ ಸ್ವಾಸ್ತ್ಯವನ್ನು ಕೊಡಿರೆಂದು ಕೇಳಿದರು. ಮೋಶೆಗೆ ಉತ್ತರ ತಿಳಿಯಲಿಲ್ಲ. ಅವನು ದೇವರನ್ನು ಕೇಳಿದನು. ಆ ಹೆಣ್ಣು ಮಕ್ಕಳು ಹೇಳಿದ್ದೇ ಸರಿಯೆಂದು ದೇವರಿಂದ ತೀರ್ಪಾಯಿತು. ಅವರು ತಮ್ಮ ಕುಲದೊಳಗೆ ಮದುವೆಯಾಗಬೇಕೆಂಬ ಕಟ್ಟು 36ನೆಯ ಅಧ್ಯಾಯದಲ್ಲಿ ಬರುವದು ನಿಜ. ಆದರೂ ಯೆಹೋಶುವನ ಕಾಲದಲ್ಲಿ ಅವರು ತಮ್ಮ ಪಾಲನ್ನು ಕೇಳಿ ಪಡೆದುಕೊಂಡರು. ಹೆಣ್ಣು ಮಕ್ಕಳ ಶಾಲೆಯಲ್ಲಿ ಇಷ್ಟು ವರ್ಷ ಪ್ರಾರ್ಥನೆ ನಡಿಸಿಯೂ ಈ ಐದು ಹೆಸರುಗಳನ್ನು ನಾವು ಒಂದು ದಿವಸವಾದರೂ ಓದಿರಲಿಲ್ಲ. ನಮ್ಮ ದೇಶದಲ್ಲಿಯೇ, ಹಿಂದಿನ ತಿರುವಾಂಕೂರು ಸೀಮೆಯ ಕ್ರೈಸ್ತರ 1916ರ ಕಾಯಿದೆಯು, ಉಯಿಲು ಬರೆಯದೆ ಸತ್ತ ತಂದೆಯ ಆಸ್ತಿಯಲ್ಲಿ ಮಗಳಿಗೆ ಮಗನ ಪಾಲಿನ ಕಾಲುಭಾಗ ಅಥವಾ 5000 ರೂಪಾಯಿ, ಇವೆರಡರಲ್ಲಿ ಯಾವದು ಕಡಿಮೆಯೋ ಅಷ್ಟನ್ನೇ ಗೊತ್ತುಮಾಡಿತ್ತು. ಮೇರಿ ರಾಯ್ ಎಂಬ ಉಪಾಧ್ಯಾಯಿನಿಯವರು ನ್ಯಾಯಸ್ಥಾನದ ಮುಂದೆ ನಿಂತು ಕೇಳಿದ್ದರಿಂದ, 1925ರ ಭಾರತೀಯ ವಾರಸು ಕಾಯಿದೆಯೇ ಅಲ್ಲಿಯೂ ಸಲ್ಲುವದೆಂದು ಸರ್ವೋಚ್ಚ ನ್ಯಾಯಾಲಯವು 1986ರಲ್ಲಿ ತೀರ್ಪು ಕೊಟ್ಟಿತು. ಚಲ್ಪಹಾದನ ಮಕ್ಕಳ ಕಥೆಯನ್ನು ಬಿಡದೆ ಓದುವ ಮನೆಗಳು ಹೆಚ್ಚಾಗಿದ್ದರೆ ಆ ತೀರ್ಪಿಗೆ ಅಷ್ಟು ಕಾಲ ಬೇಕಾಗುತ್ತಿತ್ತೋ ಎಂದು ಯೋಚಿಸಿದೆವು.

ಹೀಗೆ ಓದುತ್ತಿರುವಾಗ ನಮಗೆ ಇನ್ನೊಂದು ಸಂಗತಿಯು ಮನಸ್ಸಿಗೆ ಬಂತು. ಅಧ್ಯಾಯ ವಚನಗಳ ಅಂಕೆಗಳನ್ನು ಗ್ರಂಥಕರ್ತರು ಹಾಕಿದ್ದಲ್ಲ. ಈಗ ನಾವು ಬಳಸುವ ಅಧ್ಯಾಯಗಳ ವಿಂಗಡಣೆಯು 13ನೆಯ ಶತಮಾನದ ಆರಂಭದ ಕಾಲದ್ದು. ಮುಂದೆ ಕ್ಯಾಂಟರ್ಬರಿಯ ಪ್ರಧಾನ ಬಿಷಪರಾದ ಸ್ಟೀಫನ್ ಲ್ಯಾಂಗ್ಟನ್ ಎಂಬ ವಿದ್ವಾಂಸರ ಕೆಲಸವೆಂದು ಅದನ್ನು ಎಣಿಸುವರು. ಹೊಸ ಒಡಂಬಡಿಕೆಯ ವಚನಗಳಿಗೆ ಈಗಿನ ಅಂಕೆಗಳನ್ನು ಹಾಕಿ ಅಚ್ಚುಮಾಡಿದವರು ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕರು, ಅದು 1551ರಲ್ಲಿ. ಅಂಕೆಗಳಿಂದಾದ ಉಪಕಾರ ದೊಡ್ಡದು. ಅವಿಲ್ಲದಿದ್ದರೆ ನೂರು ಮಕ್ಕಳ ತರಗತಿಯಲ್ಲಿ ಒಂದೇ ಸ್ಥಳವನ್ನು ತೆಗೆಯಿಸುವದು ಹೇಗೆ? ಆದರೆ ಅಂಕೆ ಬಿದ್ದ ವಾಕ್ಯವನ್ನು ಕಿತ್ತುಕೊಳ್ಳುವದು ಸುಲಭ. ಕಿತ್ತ ವಾಕ್ಯವು ಹಲಗೆಯ ಮೇಲೆ ಚೆನ್ನಾಗಿ ಕೂಡ್ರುವದು. ಅದನ್ನು ಹೇಳಿದವನು ಯಾರೆಂದು ಹಲಗೆಯು ಹೇಳುವದಿಲ್ಲ.

ಮೇ ತಿಂಗಳ ನಡುವೆ ಯೋಬನ ಗ್ರಂಥವನ್ನು ಮುಟ್ಟಿದೆವು. ಬೇಸಗೆಯ ರಜೆ. ಬೋರ್ಡಿಂಗು ಬರಿದಾಗಿತ್ತು. ಯೋಬನ ಕಥೆ ನಮಗೆ ಗೊತ್ತಿದೆಯೆಂದೇ ತಿಳಿದಿದ್ದೆವು, ಯಾಕಂದರೆ ಮೊದಲಿನ ಎರಡು ಅಧ್ಯಾಯಗಳನ್ನೂ ಕಡೆಯ ಅಧ್ಯಾಯವನ್ನೂ ಎಷ್ಟೋ ಸಾರಿ ಕಲಿಸಿದ್ದೆವು. ಒಂದೇ ದಿವಸದಲ್ಲಿ ಹತ್ತು ಮಕ್ಕಳನ್ನೂ ಆಸ್ತಿಯನ್ನೂ ಕಳಕೊಂಡ ನೀತಿವಂತನು, ತಾಳ್ಮೆಯಿಂದ ಸಹಿಸಿದನು, ಎಲ್ಲವನ್ನೂ ತಿರುಗಿ ಪಡೆದನು, ಇಷ್ಟೇ. ನಡುವಿನ 39 ಅಧ್ಯಾಯಗಳು ನಮ್ಮ ಪಾಲಿಗೆ ಇರಲೇ ಇಲ್ಲ. ಆ ನಡುವಿನ ಯೋಬನು ತಾಳ್ಮೆಯುಳ್ಳವನಲ್ಲ. ತಾನು ಹುಟ್ಟಿದ ದಿವಸವನ್ನೇ ಅವನು ಶಪಿಸುವನು. ದೇವರನ್ನು ನ್ಯಾಯಕ್ಕೆ ಕರೆಯುವನು. ಅವನ ಸ್ನೇಹಿತರಾದ ಎಲೀಫಜ, ಬಿಲ್ದದ, ಚೋಫರ ಎಂಬವರು ದೂರದಿಂದ ಬಂದು ಏಳು ದಿವಸ, ಏಳು ರಾತ್ರಿ ಅವನ ಸಂಗಡ ನೆಲದ ಮೇಲೆ ಕುಳಿತು, ಅವನ ದುಃಖವು ಬಹು ದೊಡ್ಡದೆಂದು ಕಂಡು, ಒಂದು ಮಾತನ್ನೂ ಆಡಲಿಲ್ಲ. ಅವರು ಮಾಡಿದ ಒಳ್ಳೇ ಕೆಲಸವು ಅದೇ. ಎಂಟನೆಯ ದಿವಸದಿಂದ ಬಾಯಿ ತೆರೆದರು. ತೆರೆದ ಮೇಲೆ ಮುಚ್ಚಲಿಲ್ಲ.

ಎಂಟನೆಯ ಅಧ್ಯಾಯಕ್ಕೆ ಬಂದಾಗ, ಪರಿಚಯದ ಮನೆಯನ್ನು ಹೊಕ್ಕವರಂತೆ ನಾವು ಏಳನೆಯ ವಚನಕ್ಕಾಗಿ ಕಾದೆವು. ಆದರೆ ಈ ಸಾರಿ ಅಧ್ಯಾಯದ ಮೊದಲಿನಿಂದ ಬರುತ್ತಿದ್ದೆವು. ಮಾತಾಡುತ್ತಿದ್ದವನು ಬಿಲ್ದದನು. ಏಳನೆಯ ವಚನಕ್ಕೆ ಮೂರು ವಚನಗಳ ಹಿಂದೆ, ಹತ್ತು ಮಕ್ಕಳನ್ನು ಮಣ್ಣುಮಾಡಿದ ತಂದೆಯ ಎದುರಿನಲ್ಲಿ ಅವನು ಹೇಳುವದೇನಂದರೆ, ಆ ಮಕ್ಕಳು ಸತ್ತದ್ದು ತಮ್ಮ ಪಾಪದ ಫಲವಾಗಿ ಎಂಬ ಅರ್ಥದ ಮಾತು. ಅದನ್ನು ಹೇಳಿದ ಅದೇ ಬಾಯಿಂದಲೇ, ನೀನಾದರೋ ಶುದ್ಧನಾಗಿದ್ದರೆ ನಿನ್ನ ಕಡೆಯ ಕಾಲವು ಹೆಚ್ಚುವದೆಂದು ಆದರಿಸುವನು. ನಮ್ಮ ನೀಲಿ ಹಲಗೆಯ ಮೇಲಿದ್ದದ್ದು ಈ ಆದರಣೆ.

ನಾವು ಪುಸ್ತಕವನ್ನು ಮುಚ್ಚಿದೆವು. ನವಂಬರಿನ ಆ ಸಾಯಂಕಾಲವು ಕಣ್ಣ ಮುಂದೆ ಬಂತು: ತಮ್ಮನನ್ನು ಕಳಕೊಂಡ ಮಗು, ಮೇಜಿನ ಎದುರಿಗೆ ನಿಂತು, ನಮ್ಮ ಅಪ್ಪಣೆಯಂತೆ ಗಟ್ಟಿಯಾಗಿ ಓದುತ್ತಿರುವದು. ಹಲಗೆಯ ಕೆಳಗೆ ಅಧ್ಯಾಯವೂ ವಚನವೂ ಬರೆದಿತ್ತು. ಅವಳ ಪೆಟ್ಟಿಗೆಯಲ್ಲಿ ಸತ್ಯವೇದವಿತ್ತು. ಅವಳು ಅದನ್ನು ತೆಗೆದು ನೋಡಿದ್ದರೆ?

ಕನ್ನಡದ ಉಪಾಧ್ಯಾಯಿನಿಯಾಗಿ ನಾವು ಇಪ್ಪತ್ತು ವರ್ಷಗಳಿಂದ ಪ್ರಶ್ನೆಪತ್ರಿಕೆಯಲ್ಲಿ ಬರೆಯುತ್ತಾ ಬಂದ ಒಂದು ಪ್ರಶ್ನೆಯುಂಟು: ಸಂದರ್ಭದೊಡನೆ ವಿವರಿಸಿರಿ. ಈ ಮಾತನ್ನು ಯಾರು ಆಡಿದರು, ಯಾರಿಗೆ ಆಡಿದರು, ಯಾವ ಸಮಯದಲ್ಲಿ ಆಡಿದರು ಎಂದು ಬರೆಯದ ಹುಡುಗಿಗೆ ನಾವು ಅರ್ಧ ಅಂಕವನ್ನೂ ಕೊಟ್ಟವರಲ್ಲ. ನಮ್ಮ ತಲೆಯ ಮೇಲೆಯೇ ತೂಗುತ್ತಿದ್ದ ವಾಕ್ಯಕ್ಕೆ ಆ ಮೂರು ಪ್ರಶ್ನೆಗಳನ್ನು ಒಂದು ದಿವಸವೂ ಕೇಳಲಿಲ್ಲ.

ಮುಂದಿನ ಅಧ್ಯಾಯಗಳನ್ನು ನಾವು ಓದಿದ್ದು ಅಪರಾಧಿಯು ತೀರ್ಪನ್ನು ಓದುವ ಹಾಗೆ. ಸ್ನೇಹಿತರ ಮಾತುಗಳಲ್ಲಿ ಹೆಚ್ಚಿನವು ನೋಡುವದಕ್ಕೆ ಸುಳ್ಳಲ್ಲ. ಬಿಡಿಯಾಗಿ ತೆಗೆದರೆ ಬೆಳಗಿನ ಪ್ರಾರ್ಥನೆಯಲ್ಲಿ ನಾವೇ ಹೇಳಬಹುದಾದ ಮಾತುಗಳು. ಬಿಲ್ದದನ ಏಳನೆಯ ವಚನವು ನೆರವೇರಿತು ಕೂಡ. ಯೋಬನ ಕಡೆಯ ಕಾಲವು ಮೊದಲಿಗಿಂತ ಹೆಚ್ಚಾಯಿತು. ಆದರೂ ಕಡೆಯ ಅಧ್ಯಾಯದಲ್ಲಿ ದೇವರು ಎಲೀಫಜನಿಗೂ ಅವನ ಇಬ್ಬರು ಜೊತೆಗಾರರಿಗೂ ಕೋಪದಿಂದ, ಯೋಬನಂತೆ ನೀವು ನನ್ನ ವಿಷಯವಾಗಿ ಸರಿಯಾದದ್ದನ್ನು ಆಡಲಿಲ್ಲವೆಂದು ಹೇಳುವನು. ಗದರಿದವನೂ ಪ್ರಶ್ನೆ ಹಾಕಿದವನೂ ಸರಿಯಾದದ್ದನ್ನು ಆಡಿದನು. ದೇವರ ಪರವಾಗಿ ವಾದಿಸಿದವರು ಆಡಲಿಲ್ಲ. ನಿಜವಾದ ಮಾತನ್ನು ತಪ್ಪಾದ ಸಮಯದಲ್ಲಿ, ಎದುರಿಗಿರುವವರ ದುಃಖವನ್ನು ನೋಡದೆ ಆಡಿದರೆ, ಅದು ದೇವರ ಎಣಿಕೆಯಲ್ಲಿ ನಿಜವಾಗಿ ಉಳಿಯುವದಿಲ್ಲವೆಂದು ನಾವು ನಾಲ್ವತ್ತು ದಾಟಿದ ಮೇಲೆ ಕಲಿತೆವು.

ಶಾಲೆಯು ತೆರೆದ ವಾರದಲ್ಲಿ ಆ ಹುಡುಗಿಯನ್ನು ಕರೆಯಿಸಿದೆವು. ಈ ಸಾರಿ ಕುರ್ಚಿಯನ್ನು ಮೇಜಿನ ಈಚೆಗೆ ತಂದು ಅವಳನ್ನು ಪಕ್ಕದಲ್ಲಿ ಕೂಡ್ರಿಸಿಕೊಂಡೆವು. ಹೋದ ನವಂಬರಿನಲ್ಲಿ ತೋರಿಸಿದ ವಚನವನ್ನು ನಾವು ತಿಳಿಯದೆ ತೋರಿಸಿದೆವು, ಅದನ್ನು ಆಡಿದವನು ತಪ್ಪಾಗಿ ಆಡಿದವನು, ನಮ್ಮಿಂದಲೂ ತಪ್ಪಾಯಿತು ಎಂದು ಹೇಳಿದೆವು. ಅವಳು ಬಹಳ ಹೊತ್ತು ತನ್ನ ಕೈಗಳನ್ನು ನೋಡುತ್ತಿದ್ದು, ಆಮೇಲೆ, "ಆ ರಾತ್ರಿಯೇ ತೆಗೆದು ಓದಿದೆ, ಮಿಸ್. ನನ್ನ ತಮ್ಮನಿಗೆ ಆರು ವರ್ಷ. ಅವನು ಏನು ಪಾಪ ಮಾಡಿದ್ದನೆಂದು ಎಷ್ಟು ಯೋಚಿಸಿದರೂ ತಿಳಿಯಲಿಲ್ಲ. ಕಡೆಗೆ ನಾನೇ ಏನೋ ಮಾಡಿರಬೇಕು ಅಂದುಕೊಂಡೆ," ಎಂದಳು.

ಏಳು ತಿಂಗಳು ಆ ಮಗು ಈ ಭಾರವನ್ನು ಹೊತ್ತುಕೊಂಡು ನಮ್ಮ ಕಣ್ಣ ಮುಂದೆಯೇ ಓಡಾಡಿತ್ತು. ಅದನ್ನು ಹೊರಿಸಿದವರು ನಾವು. ಅಮ್ಮನಿಗೆ ಹೇಳಿದೆಯಾ ಎಂದು ಹೆದರುತ್ತಾ ಕೇಳಿದೆವು. "ಇಲ್ಲ, ಮಿಸ್. ಅಮ್ಮ ಮೊದಲೇ ಊಟ ಬಿಟ್ಟಿದ್ದಳು," ಎಂದಳು. ದುಃಖದಲ್ಲಿರುವವರಿಗೆ ಯಾವದನ್ನು ಹೇಳಬಾರದೆಂಬದು ಹದಿಮೂರು ವರ್ಷದ ಹುಡುಗಿಗೆ ತಿಳಿದಿತ್ತು. ತರಬೇತಿ ಹೊಂದಿದ ನಮಗೆ ತಿಳಿದಿರಲಿಲ್ಲ.

ಅವಳು ಓದಿದ್ದು ಎಂಟನೆಯ ಅಧ್ಯಾಯವನ್ನು ಮಾತ್ರ. ಉಳಿದದ್ದನ್ನು ನಮ್ಮ ಸಂಗಡ ಕೂಡಿ ಓದುವೆಯಾ ಎಂದು ಕೇಳಿದೆವು. ಬೇಡವೆಂದರೆ ಬಲವಂತವಿಲ್ಲವೆಂದೂ ಹೇಳಿದೆವು. ಎರಡು ದಿವಸ ಯೋಚಿಸಿ ಒಪ್ಪಿದಳು. ಸಾಯಂಕಾಲದ ಅಭ್ಯಾಸವು ಮುಗಿದ ಮೇಲೆ ದಿವಸಕ್ಕೊಂದು ಅಧ್ಯಾಯದಂತೆ, ಮೊದಲಿನಿಂದ ಆರಂಭಿಸಿ 42 ಅಧ್ಯಾಯಗಳನ್ನೂ ಸರದಿಯಂತೆ ಓದಿದೆವು. ಮೂರನೆಯ ಅಧ್ಯಾಯದಲ್ಲಿ ಅವಳು ತಲೆಯೆತ್ತಿ, ಇಂಥ ಮಾತುಗಳನ್ನೂ ಸತ್ಯವೇದದಲ್ಲಿ ಇರಗೊಡಿಸಿದ್ದಾರೆಯೇ ಎಂದು ಆಶ್ಚರ್ಯಪಟ್ಟಳು. ನಾವು ಏನನ್ನೂ ವಿವರಿಸಲಿಲ್ಲ. ವಿವರಿಸುವ ಚಟವನ್ನು ಅದುಮಿಕೊಳ್ಳುವದು ನಮಗೆ ಆ ನಾಲ್ವತ್ತೆರಡು ದಿವಸಗಳ ಮುಖ್ಯ ಅಭ್ಯಾಸವಾಗಿತ್ತು.

ಕಡೆಯ ಅಧ್ಯಾಯದಲ್ಲಿ ಯೋಬನ ಆಸ್ತಿಯು ಇಮ್ಮಡಿಯಾಯಿತೆಂದು ಓದಿದಾಗ ಅವಳು ಮೊದಲಿನ ಅಧ್ಯಾಯಕ್ಕೆ ತಿರುಗಿ ಕಾಗದದ ಮೇಲೆ ಲೆಕ್ಕ ಬರೆದಳು. ಕುರಿಗಳು 7000 ಇದ್ದವು, 14000 ಆದವು. ಒಂಟೆಗಳು 3000 ಇದ್ದವು, 6000 ಆದವು. ಎತ್ತುಗಳು 500 ಜೋಡಿ, 1000 ಜೋಡಿಯಾದವು. ಹೆಣ್ಣು ಕತ್ತೆಗಳು 500 ಇದ್ದವು, 1000 ಆದವು. ಗಂಡು ಮಕ್ಕಳು ಏಳು ಇದ್ದರು, ಏಳೇ ಆದರು. ಹೆಣ್ಣು ಮಕ್ಕಳು ಮೂವರು ಇದ್ದರು, ಮೂವರೇ ಆದರು. "ಮಕ್ಕಳು ಮಾತ್ರ ಇಮ್ಮಡಿಯಾಗಲಿಲ್ಲ, ಮಿಸ್," ಎಂದಳು. ನಾವು ಸುಮ್ಮನಿದ್ದೆವು. ಸ್ವಲ್ಪ ಹೊತ್ತಿನ ಮೇಲೆ ಅವಳೇ, "ಹಾಗಾದರೆ ಮೊದಲಿನ ಹತ್ತು ಮಂದಿಯನ್ನೂ ದೇವರು ಲೆಕ್ಕದಿಂದ ತೆಗೆದಿಲ್ಲ," ಎಂದಳು. ಪೂರ್ವಕಾಲದ ವ್ಯಾಖ್ಯಾನಕಾರರಲ್ಲಿಯೂ ಕೆಲವರು ಹೀಗೆಯೇ ಅರ್ಥ ಮಾಡಿದ್ದಾರೆ. ಅದನ್ನು ಅವಳಿಗೆ ಆ ದಿವಸ ಹೇಳಲಿಲ್ಲ. ಕಂಡುಕೊಂಡದ್ದು ಅವಳದಾಗಿಯೇ ಇರಲೆಂದು ಬಿಟ್ಟೆವು. ಎರಡನೆಯ ಸಾರಿ ಹುಟ್ಟಿದ ಗಂಡು ಮಕ್ಕಳ ಹೆಸರುಗಳನ್ನು ಗ್ರಂಥವು ಹೇಳುವದಿಲ್ಲ. ಹೆಣ್ಣು ಮಕ್ಕಳ ಹೆಸರುಗಳನ್ನು ಹೇಳುವದು: ಯೆಮೀಮ, ಕೆಚೀಯ, ಕೆರೆನ್‌ಹಪ್ಪೂಕ್. ತಂದೆಯು ಅವರಿಗೆ ಅಣ್ಣತಮ್ಮಂದಿರ ಸಂಗಡ ಸ್ವಾಸ್ತ್ಯವನ್ನು ಕೊಟ್ಟನು. ಚಲ್ಪಹಾದನ ಮಕ್ಕಳು ಕೇಳಿ ಪಡೆದದ್ದನ್ನು ಇವರು ಕೇಳದೆಯೇ ಪಡೆದರು. ಅದಕ್ಕೆ ಅವಳು ಆ ಸಾಯಂಕಾಲ ಮೊದಲನೆಯ ಸಾರಿ ನಕ್ಕಳು.

ನಮ್ಮ ಬೆಳಗಿನ ಓದೂ ಮುಂದರಿಯಿತು. ಕೀರ್ತನೆಗಳನ್ನು ನೂರೈವತ್ತನ್ನೂ ಕ್ರಮವಾಗಿ ಓದಿದಾಗ, ಅವುಗಳಲ್ಲಿ ಎಷ್ಟು ಗೋಳಾಟವಿದೆಯೆಂದು ಕಂಡು ಬೆರಗಾದೆವು. 88ನೆಯ ಕೀರ್ತನೆಯು ಕತ್ತಲೆಯ ಮಾತಿನಿಂದಲೇ ಮುಗಿಯುವದು, ಕಡೆಗೊಂದು ಸಮಾಧಾನದ ಸಾಲೂ ಇಲ್ಲ. ಪ್ರಲಾಪಗಳ ಐದು ಅಧ್ಯಾಯಗಳಲ್ಲಿ ನಾಲ್ಕು ಇಬ್ರಿಯ ಭಾಷೆಯ 22 ಅಕ್ಷರಗಳ ಅನುಕ್ರಮದಲ್ಲಿ ಕಟ್ಟಲ್ಪಟ್ಟಿವೆ. ದುಃಖಕ್ಕೂ ಮೊದಲಿನ ಅಕ್ಷರದಿಂದ ಕಡೆಯ ಅಕ್ಷರದ ವರೆಗೆ ಹೇಳಿ ತೀರಿಸುವ ಹಕ್ಕುಂಟೆಂದು ನಾವು ಅದರಿಂದ ಅರ್ಥ ಮಾಡಿಕೊಂಡೆವು. ಅಕ್ಟೋಬರದಲ್ಲಿ ಸುವಾರ್ತೆಗಳು ಬಂದವು. ಶಿಲುಬೆಯ ಮೇಲೆ ನಮ್ಮ ಕರ್ತನು, ಯಾಕೆ ಕೈಬಿಟ್ಟಿ ಎಂಬ 22ನೆಯ ಕೀರ್ತನೆಯ ಪ್ರಶ್ನೆಯಿಂದಲೇ ತಂದೆಯನ್ನು ಕೂಗಿದನೆಂದು ಮತ್ತಾಯನೂ ಮಾರ್ಕನೂ ಬರೆದಿದ್ದಾರೆ. ದೇವರ ಚಿತ್ತವನ್ನು ಪ್ರಶ್ನೆ ಮಾಡಬಾರದೆಂದು ನವಂಬರಿನಲ್ಲಿ ಒಂದು ಮಗುವಿಗೆ ಹೇಳಿದ್ದು ನೆನಪಿಗೆ ಬಂದು ನಾಚಿದೆವು. ಯೋಹಾನನ 11ನೆಯ ಅಧ್ಯಾಯದಲ್ಲಿ, ಲಾಜರನನ್ನು ಎಬ್ಬಿಸುವೆನೆಂದು ತಿಳಿದೇ ಬಂದ ಕರ್ತನು ಮರಿಯಳ ಅಳುವನ್ನು ಕಂಡು ಮೊದಲು ತಾನೂ ಅತ್ತನು. ಉತ್ತರವು ಕೈಯಲ್ಲಿದ್ದವನೇ ಮೊದಲು ಅತ್ತನು. ಉತ್ತರವಿಲ್ಲದ ನಾವು ಅಳದೆಯೇ ಹಲಗೆಯನ್ನು ತೋರಿಸಿದ್ದೆವು.

ಡಿಸೆಂಬರ್ 28ರಂದು ಪ್ರಕಟನೆಯ ಕಡೆಯ ಅಧ್ಯಾಯವನ್ನು ಓದಿ ಮುಗಿಸಿ, ಅಜ್ಜಿಯವರ ಹದಿನೇಳು ತಾರೀಖುಗಳ ಕೆಳಗೆ ಹದಿನೆಂಟನೆಯದನ್ನು ಬರೆದೆವು. ಓದಿದ್ದೆಲ್ಲವೂ ತಿಳಿಯಿತೆಂದು ಹೇಳಲಾರೆವು. ಯೆಫ್ತಾಹನ ಮಗಳ ಕಥೆಯೂ ನ್ಯಾಯಸ್ಥಾಪಕರ 19ನೆಯ ಅಧ್ಯಾಯದ ಆ ಹೆಂಗಸಿನ ಕಥೆಯೂ ಇಂದಿಗೂ ನಮ್ಮ ಗಂಟಲಲ್ಲಿ ನಿಂತಿವೆ. ಅವುಗಳಿಗೆ ಉತ್ತರವನ್ನು ಕಟ್ಟುವ ಆತುರವು ಮಾತ್ರ ಈಗ ನಮ್ಮಲ್ಲಿಲ್ಲ. ಗ್ರಂಥವು ಅವುಗಳನ್ನು ಬಚ್ಚಿಡಲಿಲ್ಲ. ನಾವೂ ಬಿಟ್ಟು ಓದುವದಿಲ್ಲ.

ಆ ಹುಡುಗಿಯು ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ಅವಳ ಒಪ್ಪಿಗೆಯನ್ನು ಪಡೆದು, ಅವಳಿಗೆ ಓದಿ ತೋರಿಸಿಯೇ ಇದನ್ನು ಅಚ್ಚಿಗೆ ಕೊಟ್ಟಿದ್ದೇವೆ. ಅವಳ ದುಃಖವು ತೀರಿತೆಂದು ಬರೆಯಲಾರೆವು. ಪ್ರಾರ್ಥನೆಯಲ್ಲಿ ಕೆಲವು ದಿವಸ ಹಾಡುತ್ತಾಳೆ. ಕೆಲವು ದಿವಸ ಸುಮ್ಮನೆ ನಿಲ್ಲುತ್ತಾಳೆ. ಸುಮ್ಮನೆ ನಿಂತ ದಿವಸ ಯಾಕೆಂದು ನಾವು ಕೇಳುವದಿಲ್ಲ. ಮೇಟ್ರನ್ ಅವರೂ ದೂರು ತರುವದಿಲ್ಲ.

ಇನ್ನು ಹಲಗೆಯ ವಿಷಯ. ಕಾಣಿಕೆ ಕೊಟ್ಟ ಸಹೋದರಿಯರೇ, ಅದನ್ನು ನಾವು ಮೂಲೆಗೆ ಹಾಕಿಲ್ಲ. ಅದು ನಮ್ಮ ವಸತಿಯಲ್ಲಿ, ಬರೆಯುವ ಮೇಜಿನ ಎದುರಿಗೆ ಇದೆ. ಅದರ ಕೆಳಗೆ ಒಂದು ಚೀಟಿಯನ್ನು ಅಂಟಿಸಿ, ಯಾರು, ಯಾರಿಗೆ, ಯಾವಾಗ ಎಂಬ ಮೂರು ಮಾತುಗಳನ್ನು ಬರೆದುಕೊಂಡಿದ್ದೇವೆ. ಹುಡುಗಿಯರನ್ನು ಕಾಣುವದಕ್ಕೆ ಹೊರಡುವ ಮುಂಚೆ ದಿವಸವೂ ಅದನ್ನು ನೋಡಿಯೇ ಹೊರಡುವೆವು. ಶಾಲೆಯ ಕೋಣೆಯಲ್ಲಿ ಹಲಗೆಯಿದ್ದ ಗೋಡೆಯನ್ನು ಬರಿದಾಗಿಯೇ ಬಿಟ್ಟು, ಅದರ ಕೆಳಗೆ ಒಂದು ಬೆಂಚನ್ನು ಹಾಕಿಸಿದ್ದೇವೆ. ದುಃಖದಿಂದ ಬಂದ ಹುಡುಗಿಯು ಈಗ ಮೇಜಿನ ಎದುರಿಗೆ ನಿಲ್ಲುವದಿಲ್ಲ. ಆ ಬೆಂಚಿನ ಮೇಲೆ ಕೂಡ್ರುತ್ತಾಳೆ, ನಾವೂ ಪಕ್ಕದಲ್ಲಿ ಕೂಡ್ರುತ್ತೇವೆ. ಬಿಲ್ದದನ ಎಂಟನೆಯ ದಿವಸವನ್ನು ಬಿಟ್ಟು ಅವನ ಮೊದಲಿನ ಏಳು ದಿವಸಗಳನ್ನು ಕಲಿಯುವದಕ್ಕೆ ಪ್ರಯತ್ನಿಸುತ್ತಿದ್ದೇವೆ.

ಪ್ರಿಯ ವಿದ್ಯಾರ್ಥಿನಿಯರೇ, ನೀವು ಈ ಶಾಲೆಯನ್ನು ಬಿಟ್ಟು ಹೋಗುವಾಗ ಅನೇಕ ಒಳ್ಳೇ ವಚನಗಳನ್ನು ಬಾಯಿಪಾಠವಾಗಿ ತೆಗೆದುಕೊಂಡು ಹೋಗುವಿರಿ. ಹೋಗಿರಿ, ಅವು ನಿಮ್ಮನ್ನು ಕಾಯುವವು. ಆದರೆ ಅವುಗಳಲ್ಲಿ ಒಂದನ್ನು ಅಳುವವರ ಕೈಗೆ ಕೊಡುವದಕ್ಕೆ ಮುಂಚೆ ಅದರ ಹಿಂದಿನ ಮೂರು ವಚನಗಳನ್ನು ಓದಿರಿ, ಮತ್ತು ಎದುರಿಗೆ ಕುಳಿತವರ ಮುಖವನ್ನು ನೋಡಿರಿ.

ಈ ವರ್ಷದ ಜನವರಿ 1ನೆಯ ತಾರೀಖಿನಲ್ಲಿ ಆದಿಕಾಂಡವನ್ನು ತಿರುಗಿ ಆರಂಭಿಸಿದ್ದೇವೆ. ಹೆಸರುಗಳನ್ನೂ ಬಿಡದೆ ಗಟ್ಟಿಯಾಗಿ ಓದುತ್ತಿದ್ದೇವೆ.